ಸಹ್ಯಾದ್ರಿಯ ಮಳೆ, ಕಲಬುರಗಿಯ ನಳ

ಭೀಮೆಗೆ ಪ್ರವಾಹ ಬಂದ ದಿನ ಕಲಬುರಗಿಯಲ್ಲಿ ಮಳೆ ಬಿದ್ದಿರಲೇಬೇಕೆಂದೇನಿಲ್ಲ. ಊರಲ್ಲಿ ರಣಬಿಸಿಲಿರುತ್ತದೆ, ಅದೇ ಹೊತ್ತಿಗೆ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಂಡೆಯಲ್ಲಿ ಪಂಪ್‌ಸೆಟ್ ಎತ್ತಿಟ್ಟುಕೊಳ್ಳುವ ಗಡಿಬಿಡಿ ನಡೆದಿರುತ್ತದೆ. ಆ ನೀರಾಗಿ ಬಂದ ಮಳೆ ಬಿದ್ದದ್ದು ಕೆಲವು ದಿನಗಳ ಹಿಂದೆ, ಪುಣೆಯ ಆಚೆಗೆ, ಸಹ್ಯಾದ್ರಿಯ ನೆತ್ತಿಯಲ್ಲಿ. ಭೀಮಾಶಂಕರದಲ್ಲಿ ಹುಟ್ಟಿ 861 ಕಿ.ಮೀ. ಹರಿದು ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುವ ಈ ನದಿ, ಬಯಲುಸೀಮೆಯ ಕಲಬುರಗಿಯನ್ನು ಒಂದು ಅರ್ಥದಲ್ಲಿ ಬೆಟ್ಟದ ನೀರು ಕುಡಿಯುವ ಊರಾಗಿಸಿದೆ. ಭೀಮಾಶಂಕರದ ಸುತ್ತ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಕಲಬುರಗಿಗೆ 750ರಿಂದ 800 ಮಿ.ಮೀ.; ಅದೂ ಒಂದೆರಡು ದೊಡ್ಡ ಹೊಡೆತಗಳಲ್ಲಿ ಬಂದು, ಕರಿಮಣ್ಣಿನ ಹೊಲಗಳ ಬದು ಒಡೆದು, ಹಳ್ಳ ಸೇರಿ ಹೋಗಿಬಿಡುತ್ತದೆ.

ಹಾಗಿದ್ದರೂ ಏಪ್ರಿಲ್ ಬಂತೆಂದರೆ ಕಲಬುರಗಿಯ ಓಣಿಗಳಲ್ಲಿ ಟ್ಯಾಂಕರ್ ಓಡಾಟ ಶುರು. ನೀರಿಲ್ಲ ಎಂಬ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ, ಲೆಕ್ಕ ಹಾಕಿ ನೋಡಲು ಯಾರೂ ಹೋಗುವುದಿಲ್ಲ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 5.33 ಲಕ್ಷ. ದೊಡ್ಡ ನಗರಗಳಿಗೆ ಕೇಂದ್ರ ಸರ್ಕಾರ ಹಾಕಿಕೊಟ್ಟ ಮಾನದಂಡದಂತೆ ತಲೆಗೆ ದಿನಕ್ಕೆ 135 ಲೀಟರ್ ಎಂದರೆ ದಿನಕ್ಕೆ 7.2 ಕೋಟಿ ಲೀಟರ್ ಆಯಿತು. ವರ್ಷವಿಡೀ ಕೂಡಿಸಿದರೂ ಅದು ಒಂದು ಟಿಎಂಸಿ ಆಗುವುದಿಲ್ಲ, 0.93ರ ಹತ್ತಿರ ನಿಲ್ಲುತ್ತದೆ. ಆಮೇಲೆ ಊರು ಬೆಳೆದಿದೆ. ಏಳು ಲಕ್ಷವೆಂದೇ ಹಿಡಿದರೂ ಒಂದೂಕಾಲು ಟಿಎಂಸಿ. ಭೀಮೆಯ ಮೇಲೆ ಮಹಾರಾಷ್ಟ್ರ ಕಟ್ಟಿರುವ ಉಜನಿ ಜಲಾಶಯ ಒಂದರ ಸಾಮರ್ಥ್ಯವೇ 117 ಟಿಎಂಸಿ. ಅದರ ಪಕ್ಕದಲ್ಲಿ ಈ ನಗರದ ಬಾಯಾರಿಕೆ ಏನೇನೂ ಅಲ್ಲ. ಬೇಕಾದದ್ದು ಹೆಚ್ಚು ನೀರಲ್ಲ, ಮಾರ್ಚಿನಿಂದ ಜೂನ್‌ವರೆಗಿನ ನೀರು. ಆ ನಾಲ್ಕು ತಿಂಗಳಿಗೆ ಬೇಕಾಗುವುದು ಅರ್ಧ ಟಿಎಂಸಿಯೊಳಗೆ. ಅಷ್ಟನ್ನು ಮಳೆಗಾಲದಿಂದ ಬೇಸಿಗೆಯವರೆಗೆ ಯಾರು, ಎಲ್ಲಿ ಕಾಪಿಟ್ಟುಕೊಳ್ಳಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

ಹಿಮದ ಬೆಟ್ಟಗಳ ಕೆಳಗಿರುವ ಊರುಗಳಿಗೆ ಈ ಪ್ರಶ್ನೆಯನ್ನು ಬೆಟ್ಟವೇ ಬಿಡಿಸಿಕೊಟ್ಟಿರುತ್ತದೆ. ಚಳಿಗಾಲದಲ್ಲಿ ಬಿದ್ದ ನೀರು ಹರಿದುಹೋಗದೆ ಇಳಿಜಾರಿನಲ್ಲೇ ಗಟ್ಟಿಯಾಗಿ ಕೂರುತ್ತದೆ. ಬಿಸಿಲೇರಿ ಜನಕ್ಕೂ ಹೊಲಕ್ಕೂ ನೀರು ಬೇಕಾದ ಹೊತ್ತಿಗೆ ಸರಿಯಾಗಿ ಕರಗಿ ಇಳಿಯುತ್ತದೆ. ಒಂದು ಕೆ.ಜಿ. ಮಂಜುಗಡ್ಡೆ ಕರಗಲು ತಗಲುವ ಶಾಖದಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು. ಹೀಗಾಗಿಯೇ ಹಿಮ ಒಮ್ಮೆಲೇ ನೀರಾಗಿಬಿಡದೆ ವಾರಗಟ್ಟಲೆ, ತಿಂಗಳುಗಟ್ಟಲೆ ಸವೆಯುತ್ತದೆ. ಉತ್ತರ ಕರ್ನಾಟಕದವರಿಗೆ ಹೇಳುವುದಾದರೆ ಅದು ಬೆಟ್ಟದ ಮೇಲಿನ ಹಗೇವು: ಸುಗ್ಗಿಯಲ್ಲಿ ತುಂಬಿದ್ದನ್ನು ಅಡಚಣೆಯ ಕಾಲಕ್ಕೆ ತೆಗೆಯುವುದು.

ಅಮೆರಿಕದ ಲಾಸ್ ಏಂಜಲೀಸ್ ಈ ಹಗೇವಿನ ಮೇಲೆಯೇ ಬೆಳೆದ ಊರು. ವಿಲಿಯಂ ಮುಲ್ಹಾಲಂಡ್ ಎಂಬ ಎಂಜಿನಿಯರ್ 1913ರಲ್ಲಿ ಸಿಯೆರಾ ನೆವಾಡಾ ಬೆಟ್ಟಸಾಲಿನ ಹಿಮನೀರನ್ನು ಓವೆನ್ಸ್ ಕಣಿವೆಯಿಂದ ಸುಮಾರು 375 ಕಿ.ಮೀ. ದೂರದ ನಗರಕ್ಕೆ ತಂದ. ದಾರಿಯಲ್ಲಿ ಒಂದೇ ಒಂದು ಪಂಪ್ ಇಲ್ಲ. ಇಳಿಜಾರೇ ನೀರನ್ನು ಎಳೆದು ತಂದಿತು. ಕಣಿವೆಯ ರೈತರ ಪಾಲಿಗೆ ಇದು ಲೂಟಿ. 1920ರ ದಶಕದಲ್ಲಿ ಅವರು ಕಾಲುವೆಗೆ ಡೈನಮೈಟ್ ಇಟ್ಟರು. ಕೆಳಗಿದ್ದ ಓವೆನ್ಸ್ ಸರೋವರ ಒಣಗಿ ದೂಳಿನ ಬಯಲಾಯಿತು. ಆ ನಗರವಿರುವ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಪ್ರತಿವರ್ಷ ಏಪ್ರಿಲ್ 1ರ ಆಸುಪಾಸಿಗೆ ಹಿಮದ ಆಳವನ್ನೂ ಅದರೊಳಗಿನ ನೀರನ್ನೂ ಅಳೆದು, ಬೇಸಿಗೆಯ ಹಂಚಿಕೆಗೆ ಅದನ್ನೇ ಆಧಾರ ಮಾಡಿಕೊಳ್ಳುವ ಪದ್ಧತಿಯಿದೆ. 2015ರಲ್ಲಿ ಅಳೆಯಲು ಹೋದ ಜಾಗದಲ್ಲಿ ಹಿಮವೇ ಇರಲಿಲ್ಲ. ಗವರ್ನರ್ ಜೆರ್ರಿ ಬ್ರೌನ್ ಒಣಹುಲ್ಲಿನ ಮೇಲೆ ನಿಂತು, ನಗರಗಳು ನೀರಿನ ಬಳಕೆಯನ್ನು ಶೇ 25ರಷ್ಟು ಇಳಿಸಬೇಕೆಂದು ಆದೇಶಿಸಿದರು. ಆ ವರ್ಷ ರಾಜ್ಯದ ಹಿಮಸಂಗ್ರಹ ಸರಾಸರಿಯ ಶೇ 5ಕ್ಕೆ ಕುಸಿದಿತ್ತು.

ಹಿಮವಿದ್ದ ಮಾತ್ರಕ್ಕೆ ಹೊತ್ತು ಹೊಂದಿಕೊಳ್ಳುತ್ತದೆ ಎಂದೂ ಇಲ್ಲ. ಲಡಾಖಿನಲ್ಲಿ ಬಿತ್ತನೆಗೆ ನೀರು ಬೇಕಾಗುವುದು ಏಪ್ರಿಲ್–ಮೇ ತಿಂಗಳಲ್ಲಿ. ಎತ್ತರದ ಹಿಮನದಿಗಳು ಚೆನ್ನಾಗಿ ಕರಗುವುದು ಆಮೇಲೆ. ಆ ಎರಡು ತಿಂಗಳ ಅಂತರ ತುಂಬಲು ಚೆವಾಂಗ್ ನಾರ್ಫೆಲ್ ಎಂಬ ಸಿವಿಲ್ ಎಂಜಿನಿಯರ್ ಹಳ್ಳಿಗಳ ಹತ್ತಿರದಲ್ಲೇ ಕೃತಕ ಹಿಮಹಾಸುಗಳನ್ನು ಕಟ್ಟಿದರು. ಸೋನಂ ವಾಂಗ್ಚುಕ್ 2013–14ರ ಚಳಿಗಾಲದಲ್ಲಿ ನೀರನ್ನು ಪೈಪಿನಿಂದ ಚಿಮ್ಮಿಸಿ ಗೋಪುರದಂತೆ ಹೆಪ್ಪುಗಟ್ಟಿಸುವ ಹಿಮಸ್ತೂಪವನ್ನು ಮಾಡಿ ನೋಡಿದರು. ಇಬ್ಬರೂ ಹೊಸ ನೀರನ್ನು ಸೃಷ್ಟಿಸಲಿಲ್ಲ. ಇದ್ದ ನೀರನ್ನು ಎರಡು ತಿಂಗಳು ಹಿಡಿದು ನಿಲ್ಲಿಸಿದರು, ಅಷ್ಟೇ.

ಸಹ್ಯಾದ್ರಿಯಲ್ಲಿ ಹಿಮವಿಲ್ಲ. ಅಲ್ಲಿ ಬಿದ್ದದ್ದು ಬಿದ್ದ ವಾರವೇ ಇಳಿಯುತ್ತದೆ. ಅದನ್ನು ಹಿಡಿದಿಡುವ ಕೆಲಸ ಸೊಲ್ಲಾಪುರ ಜಿಲ್ಲೆಯ ಉಜನಿಯದು. 1980ರಲ್ಲಿ ಮುಗಿದ ಈ ಅಣೆಕಟ್ಟಿನ 117 ಟಿಎಂಸಿಯಲ್ಲಿ 63ಕ್ಕೂ ಹೆಚ್ಚು ಟಿಎಂಸಿ ತಳಸಂಗ್ರಹ. ಬಳಕೆಗೆ ಲೆಕ್ಕ ಹಿಡಿಯುವುದು ಉಳಿದ ಸುಮಾರು 53 ಟಿಎಂಸಿಯನ್ನು ಮಾತ್ರ. ನೀರು ಆ ಗೆರೆಗಿಂತ ಕೆಳಗಿಳಿದರೂ ಪಂಪ್ ನಿಲ್ಲುವುದಿಲ್ಲವಾದ್ದರಿಂದ ಮರಾಠಿ ಪತ್ರಿಕೆಗಳು ಬೇಸಿಗೆಯಲ್ಲಿ ಉಜನಿಯ ಮಟ್ಟವನ್ನು ಮೈನಸ್‌ನಲ್ಲಿ ಬರೆಯುತ್ತವೆ. 2024ರ ಬೇಸಿಗೆಯಲ್ಲಿ ಅದು ಮೈನಸ್ ಶೇ 60ರ ಹತ್ತಿರ ಹೋಗಿತ್ತು. ಸೊನ್ನೆಗಿಂತ ಕೆಳಗಿನ ನೀರು ಎಂಬ ಈ ವಿಚಿತ್ರ ಲೆಕ್ಕ ಕಲಬುರಗಿಯವರಿಗೂ ಈಗ ಅಪರಿಚಿತವಲ್ಲ. ಜಲಾಶಯದ ಸುತ್ತ ಕಬ್ಬು, ಕಬ್ಬಿನ ಸುತ್ತ ಸಕ್ಕರೆ ಕಾರ್ಖಾನೆ. ಮೇಲಿನಿಂದ ಪುಣೆ ಮತ್ತು ಪಿಂಪ್ರಿ–ಚಿಂಚವಾಡದ ಕೊಳಚೆಯೂ ಇದೇ ನೀರಿಗೆ. ಇಷ್ಟೆಲ್ಲ ದಾಟಿ ಮಿಕ್ಕಿದ್ದು ಕರ್ನಾಟಕದ ಗಡಿಗೆ ಬರಬೇಕು.

ಇಲ್ಲಿ ಕಾನೂನಿನ ಒಂದು ಸಂದುಗೊಂದಿಯನ್ನು ನೋಡಲೇಬೇಕು. ಕೃಷ್ಣಾ ಕೊಳ್ಳದ ಹಂಚಿಕೆ ಮಾಡಿದ ಬಚಾವತ್ ನ್ಯಾಯಮಂಡಳಿಯ 1973ರ ತೀರ್ಪು ಭೀಮಾ ನದಿಯ ಮುಖ್ಯ ಹರಿವಿನಿಂದ ಕರ್ನಾಟಕ 15 ಟಿಎಂಸಿಗಿಂತ ಹೆಚ್ಚು ಬಳಸುವಂತಿಲ್ಲ ಎಂದಿತು. ಭಾಷಣಗಳಲ್ಲಿ ಅದು ‘ನಮಗೆ ಕೊಟ್ಟ 15 ಟಿಎಂಸಿ’ ಆಗಿಬಿಟ್ಟಿದೆ. ತೀರ್ಪು ಹಾಕಿದ್ದು ಬಳಕೆಯ ಮಿತಿ. ಯಾವ ತಿಂಗಳಲ್ಲಿ ಎಷ್ಟು ಬಿಡಬೇಕೆಂಬ ಪಟ್ಟಿ ಅದರಲ್ಲಿಲ್ಲ. ಕಾವೇರಿಯ 2007ರ ತೀರ್ಪಿನಲ್ಲಿ ತಿಂಗಳವಾರು ಪಟ್ಟಿ ಇದೆ, ಬಿಳಿಗುಂಡ್ಲುವಿನಲ್ಲಿ ಮಾಪನವಿದೆ. ಆ ಪಟ್ಟಿಯನ್ನು ಕಂಡರೆ ಕರ್ನಾಟಕಕ್ಕೆ ಆಗುವುದಿಲ್ಲ. ಭೀಮೆಯಲ್ಲಿ ಅಂಥದೇ ಪಟ್ಟಿ ಇಲ್ಲವೆಂಬುದೇ ಕರ್ನಾಟಕದ ಕಷ್ಟ. ಮೇಲಿನವರು, ಕೆಳಗಿನವರು ಎಂಬ ಪಾತ್ರ ಬದಲಾದರೆ ವಾದವೂ ಬದಲಾಗುತ್ತದೆ.

ಪಟ್ಟಿ ಇಲ್ಲದಿರುವಾಗ ಉಳಿಯುವುದು ಪತ್ರ. 2025ರ ಬೇಸಿಗೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮಹಾರಾಷ್ಟ್ರದ ದೇವೇಂದ್ರ ಫಡಣವೀಸ್ ಅವರಿಗೆ ಬರೆದು, ವಾರಣಾ ಅಥವಾ ಕೊಯ್ನಾದಿಂದ ಕೃಷ್ಣೆಗೆ 2 ಟಿಎಂಸಿ, ಉಜನಿಯಿಂದ ಭೀಮೆಗೆ 1 ಟಿಎಂಸಿ ಕೇಳಿದರು. ಅದಕ್ಕೂ ಹಿಂದಿನ ಬರಗಾಲದ ಬೇಸಿಗೆಯಲ್ಲಿ ಅಫಜಲಪುರದಲ್ಲಿ ಇದೇ ನೀರಿಗಾಗಿ ಉಪವಾಸ ಸತ್ಯಾಗ್ರಹ ನಡೆದಿತ್ತು. ಉಜನಿಯಿಂದ ಆಗದಿದ್ದರೆ ನಾರಾಯಣಪುರದ ಕಾಲುವೆಯಿಂದಾದರೂ ಭೀಮೆಗೆ ನೀರು ಹರಿಸಿ ಎಂಬ ಬೇಡಿಕೆಯೂ ಆಗಾಗ ಏಳುತ್ತದೆ.

ಕರ್ನಾಟಕದೊಳಗೆ ಭೀಮೆಯ ದೊಡ್ಡ ನಿಲುಗಡೆ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್. ಮೂರು ಟಿಎಂಸಿ ಚಿಲ್ಲರೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಅಲ್ಲಿಂದ ಬಿಟ್ಟ ನೀರು ನದಿಪಾತ್ರದಲ್ಲೇ ಹರಿದು ಕಲಬುರಗಿಯ ದಕ್ಷಿಣಕ್ಕಿರುವ ಸರಡಗಿ ಬ್ಯಾರೇಜಿಗೆ ಬರಬೇಕು. ದಾರಿಯುದ್ದಕ್ಕೂ ಎರಡೂ ದಂಡೆಯಲ್ಲಿ ಪಂಪ್‌ಸೆಟ್‌ಗಳು. ಮರಳು ಬಗೆದ ಗುಂಡಿಗಳು ಮೊದಲು ತಮ್ಮ ಹೊಟ್ಟೆ ತುಂಬಿಕೊಳ್ಳುತ್ತವೆ. 42–43 ಡಿಗ್ರಿ ಬಿಸಿಲು ತನ್ನ ಪಾಲು ಎತ್ತಿಕೊಳ್ಳುತ್ತದೆ. ಸರಡಗಿಯಿಂದ ಮುಂದೆ ಇಳಿಜಾರಿನ ಪುಣ್ಯವೂ ಇಲ್ಲ. ಕಲಬುರಗಿ ಸಮುದ್ರಮಟ್ಟದಿಂದ 454 ಮೀಟರ್ ಎತ್ತರದಲ್ಲಿದೆ, ನದಿ ಕೆಳಗಿದೆ. ಪ್ರತಿ ಲೀಟರನ್ನೂ ಕರೆಂಟಿನಿಂದಲೇ ಮೇಲೆತ್ತಿ ಕೋಟನೂರಿನ ಶುದ್ಧೀಕರಣ ಘಟಕಕ್ಕೆ ತರಬೇಕು. ಹೀಗಾಗಿ ಲಾಸ್ ಏಂಜಲೀಸಿಗೆ ಬಿಟ್ಟಿಯಾಗಿ ಸಿಕ್ಕ ಎರಡೂ ಅನುಕೂಲ, ಸಮಯ ಕಾಯುವ ಹಿಮ ಮತ್ತು ತಾನಾಗಿ ಎಳೆದು ತರುವ ಇಳಿಜಾರು, ಇಲ್ಲಿ ಹಣ ಕೊಟ್ಟು ಕೊಳ್ಳುವ ವಸ್ತುಗಳು. ಬರದಲ್ಲಿ ನದಿ ಒಣಗಿ ಪಂಪ್ ನಿಂತರೆ, ಮಹಾಪೂರದಲ್ಲಿ ಪಂಪ್‌ಹೌಸಿಗೇ ನೀರು ನುಗ್ಗುವ ಭಯ. 2020ರ ಅಕ್ಟೋಬರಿನ ಭೀಮಾ ಪ್ರವಾಹ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊರನ್ನು ನದಿಯಿಂದ ದೂರ ಕಟ್ಟಿದವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ರಾಜಧಾನಿಯಾದ ಕಲಬುರಗಿ ಬಾವಿ, ಬಾವಡಿ, ಕೆರೆಗಳ ಊರು. ಕೋಟೆಗೆ ಅಗಲವಾದ ಕಂದಕ, ಊರಿಗೆ ಜಗತ್ ತಾಲಾಬ್. ಆದರೂ 1400ರ ಹೊತ್ತಿಗೆ ಸುಲ್ತಾನ ಫಿರೋಜ್ ಷಾ ಭೀಮೆಯ ದಂಡೆಗೇ ಹೋಗಿ ಫಿರೋಜಾಬಾದ್ ಎಂಬ ಅರಮನೆಪಟ್ಟಣ ಕಟ್ಟಿಸಿದ. ಕಲಬುರಗಿಯಿಂದ ಒಂದು ದಿನದ ಪಯಣದಷ್ಟು ದಕ್ಷಿಣಕ್ಕೆ, ನದಿ ಬಳಸಿ ತಿರುಗುವ ಜಾಗದಲ್ಲಿ, ಅದರ ಗೋಡೆಗಳೂ ಹಮ್ಮಾಮಿನ ಗುಮ್ಮಟಗಳೂ ಇನ್ನೂ ನಿಂತಿವೆ. ರಾಜ ನೀರಿನ ಬಳಿ ಹೋದ. ಪ್ರಜೆಗಳು ಬಾವಿಗಳ ಜೊತೆ ಉಳಿದರು. ಅವನ ತಮ್ಮ ಅಹಮದ್ ಷಾ ರಾಜಧಾನಿಯನ್ನೇ ಬೀದರಿಗೆ ಒಯ್ದ.

ಹಿಮದ ನಾಡಿನ ಒಂದು ವಿದ್ಯೆ ದಖ್ಖನ್ನಿಗೆ ಬಂದದ್ದು ಅದೇ ಬೀದರಿಗೆ. ಇರಾನಿನ ಬೆಟ್ಟಗಳಲ್ಲಿ ಕರಗಿದ ಹಿಮ ತಪ್ಪಲಿನ ಜಲ್ಲಿಯೊಳಗೆ ಇಂಗಿ ಅಡಗುತ್ತದೆ. ಅಲ್ಲಿಯವರು ನೆಲದಡಿ ತುಸುವೇ ಇಳಿಜಾರಿನ ಸುರಂಗ ಕೊರೆದು, ನಡುನಡುವೆ ಗಾಳಿಬಾವಿಗಳನ್ನು ತೆಗೆದು, ಆ ನೀರನ್ನು ಬಿಸಿಲಿಗೆ ತೋರಿಸದೆ ಊರಿಗೆ ತರುತ್ತಿದ್ದರು. ಅದೇ ಕನಾತ್, ಅದೇ ಕರೇಜ್. ಬಹಮನಿಗಳ ಆಸ್ಥಾನಕ್ಕೆ ಬಂದ ಪಾರಸಿಗರ ಕಾಲದಲ್ಲಿ ಬೀದರಿನ ನೌಬಾದ್‌ನಲ್ಲಿ ಕೊರೆದ ಕರೇಜ್ ಇಂದಿಗೂ ಇದೆ. ಭೂಗೋಳಶಾಸ್ತ್ರಜ್ಞ ವಲ್ಲಿಯಿಲ್ ಗೋವಿಂದನ್‌ಕುಟ್ಟಿ ಅದರ ಜಾಡನ್ನು ಹಿಡಿದು ನಕ್ಷೆ ಮಾಡಿದ್ದಾರೆ. ಬೀದರಿನಲ್ಲಿ ಹಿಮವೆಲ್ಲಿದೆ? ಅಲ್ಲಿ ಹಿಮದ ಕೆಲಸ ಮಾಡುವುದು ಜಂಬಿಟ್ಟಿಗೆ ಕಲ್ಲು. ತೂತುತೂತಾದ ಆ ಕೆಂಪುಕಲ್ಲು ಮಳೆನೀರನ್ನು ಹೀರಿಕೊಂಡು, ಅಡಿಯ ಜೇಡಿಪದರದ ಮೇಲೆ ನಿಲ್ಲಿಸಿಕೊಂಡು, ವರ್ಷವಿಡೀ ಒಸರುತ್ತದೆ. ನಾನಕ್ ಝೀರಾದ ಬುಗ್ಗೆ ಬತ್ತದಿರುವುದೂ ಈ ಕಲ್ಲಿನ ಕೃಪೆಯೇ. ಕಲಬುರಗಿಯ ನೆಲ ಮುಖ್ಯವಾಗಿ ಕಪ್ಪುಶಿಲೆ. ಅದರ ಪದರಗಳ ಬಿರುಕುಗಳಲ್ಲಿ ನೀರು ನಿಲ್ಲುತ್ತದೆ, ಗಟ್ಟಿ ನಡುಭಾಗದಲ್ಲಿ ಇಲ್ಲ. ಪಕ್ಕಪಕ್ಕದ ಎರಡು ಬೋರ್‌ಗಳಲ್ಲಿ ಒಂದಕ್ಕೆ ನೀರು, ಇನ್ನೊಂದಕ್ಕೆ ಬರೀ ದೂಳು ಬರುವುದು ಇದರಿಂದ.

ಆಮೇಲಿನ ಕಥೆ ಚಿಕ್ಕದು. ಶರಣಬಸವೇಶ್ವರ ಕೆರೆ ಇತ್ತು. ನಿಜಾಮರ ಕಾಲದ ಭೋಸಗಾ ಕೆರೆಯಿಂದ ನಳದ ನೀರು ಬಂತು. ಊರಿನ ಒಂದು ಬಡಾವಣೆಗೆ ಫಿಲ್ಟರ್ ಬೆಡ್ ಎಂಬ ಹೆಸರೇ ನಿಂತಿತು. ಜನ ಹೆಚ್ಚಿದಂತೆ ನಗರ ಒಂದೊಂದು ಹೆಜ್ಜೆ ದೂರ ಕೈಚಾಚುತ್ತ ಹೋಯಿತು. ದಕ್ಷಿಣಕ್ಕೆ ಭೀಮೆ. ಪೂರ್ವಕ್ಕೆ ಬೆಣ್ಣೆತೊರಾ.

ಈ ಬೆಣ್ಣೆತೊರಾ ಎಂದರೆ ಕಮಲಾಪುರದ ಕಡೆ ತಿರುಗಬೇಕು. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕುರಿಕೋಟಾ ಸೇತುವೆಯ ಕೆಳಗೆ ಈ ಹೊಳೆ ಸಿಗುತ್ತದೆ. ಮುಂದೆ ಹೇರೂರ ಬಳಿ ಅದಕ್ಕೆ ಅಣೆಕಟ್ಟು; ಐದು ಟಿಎಂಸಿ ಆಸುಪಾಸಿನ ಸಂಗ್ರಹ, ಕಾಗದದ ಮೇಲೆ 50 ಸಾವಿರ ಎಕರೆ ನೀರಾವರಿ, ಜೊತೆಗೆ ಕಲಬುರಗಿಯ ಕುಡಿಯುವ ನೀರು. ಅದರ ಉಪಹಳ್ಳವಾದ ಗಂಡೋರಿ ನಾಲಾಕ್ಕೆ ಬೆಳಕೋಟಾದಲ್ಲಿ ಇನ್ನೊಂದು ಅಣೆಕಟ್ಟು. ಬೆಣ್ಣೆತೊರಾ ಕಾಗಿಣಾ ಸೇರುತ್ತದೆ, ಕಾಗಿಣಾ ಭೀಮೆಯನ್ನು. ಸಹ್ಯಾದ್ರಿಯ ಒಂದು ಹನಿಯೂ ಈ ಹೊಳೆಗೆ ಬರುವುದಿಲ್ಲ. ಪೂರ್ತಿ ಸ್ಥಳೀಯ ಮಳೆ; ಗೇಟಿನ ಕೀಲಿಯೂ ಕರ್ನಾಟಕದ ಕೈಯಲ್ಲೇ.

ನೀರು ನೆಲದಲ್ಲಿ ನಿಂತರೆ ಏನಾಗುತ್ತದೆಂದು ನೋಡಲು ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆ ಹೋಗಬೇಕು. ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ಈ ಬಾಳೆ ಕಮಲಾಪುರ, ರಾಜನಾಳ, ನವನಿಹಾಳದಂಥ ಕೆಲವೇ ಊರುಗಳ ಕೆಂಪುಮಣ್ಣಿನ ತಗ್ಗಿನಲ್ಲಿ ಬೆಳೆಯುತ್ತದೆ. ಸುತ್ತ ದಿಬ್ಬ, ನಡುವೆ ತೋಟ, ತೋಟದಲ್ಲಿ ಬಾವಿ. ಗಿಡದ ದಿಂಡಿಗೂ ಎಲೆಯ ನಡುದಂಟಿಗೂ ಕೆಂಪಿನ ಛಾಯೆ. ಹಣ್ಣಿನ ಸಿಪ್ಪೆ ದಪ್ಪ, ಒಳಗಿನ ತಿರುಳು ಕೆನೆಬಣ್ಣ. ಬೇರೆ ಬಾಳೆಗಳು ವರ್ಷದೊಳಗೆ ಗೊನೆ ಕೊಟ್ಟರೆ ಇದಕ್ಕೆ 18 ತಿಂಗಳು ಬೇಕು. ಎಂದರೆ ಒಂದಾದರೂ ಕಲಬುರಗಿ ಬೇಸಿಗೆಯನ್ನು ಅದು ತೋಟದಲ್ಲೇ ನಿಂತು ಕಳೆಯಬೇಕು. ಬಾವಿ ಮೇ ತಿಂಗಳಲ್ಲಿ ಬತ್ತುವ ಕಡೆ ಇದು ಬೆಳೆಯಲಾರದು. ಸುತ್ತಲಿನ ಕರಿಮಣ್ಣು ತೊಗರಿಯಂಥ ಮಳೆಯಾಶ್ರಿತ ಬೆಳೆಯನ್ನು ನಂಬಿದ ಜಿಲ್ಲೆಯಲ್ಲಿ, ನೀರು ಕಾದಿಟ್ಟ ಈ ತಗ್ಗುಗಳು ಬೇರೆಯೇ ನಾಡಿನ ತುಂಡಿನಂತಿವೆ. 2018ರಲ್ಲಿ ತಾಲ್ಲೂಕು ಕೇಂದ್ರವಾದ ಮೇಲೆ ಕಮಲಾಪುರವೂ ಪಟ್ಟಣದ ನೀರಿನ ಯೋಚನೆಗೆ ಬಿದ್ದಿದೆ. ಎಲ್ಲೆಡೆಯಂತೆ ಇಲ್ಲಿಯೂ ಬೋರ್ ಆಳಕ್ಕಿಳಿದಷ್ಟೂ ತೆರೆದ ಬಾವಿಗೆ ಪೆಟ್ಟು.

ನಳಕ್ಕೆ ಮರಳಿ ಬರೋಣ. ಸರದಿ ನೀರಿನ ಓಣಿಯಲ್ಲಿ ವಾಲ್‌ಮನ್ ಕೀಲಿ ತಿರುಗಿಸಿದ ಮೇಲೆ ಮೊದಲು ಬರುವುದು ಗಾಳಿ, ನಳ ಬುಸುಗುಡುತ್ತದೆ. ಆಮೇಲೆ ತುಕ್ಕುಬಣ್ಣದ ನೀರು. ತಿಳಿಯಾಗುವವರೆಗೆ ಬಿಟ್ಟು ಕೊಡ ಇಡುತ್ತಾರೆ, ಅಷ್ಟರಲ್ಲಿ ಪಕ್ಕದ ಮನೆಯವರು ನಳಕ್ಕೆ ನೇರ ಮೋಟರ್ ಹಚ್ಚಿರುತ್ತಾರೆ, ಒತ್ತಡ ಇಳಿಯುತ್ತದೆ, ಜಗಳ ಏರುತ್ತದೆ. ಪೈಪ್ ಖಾಲಿ ಇದ್ದ ದಿನಗಳಲ್ಲಿ ಬಿರುಕುಗಳ ಮೂಲಕ ಚರಂಡಿಯ ತೇವ ಒಳಸೇರುತ್ತದೆ. ಹುಬ್ಬಳ್ಳಿ–ಧಾರವಾಡದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ ಸರದಿ ಪೂರೈಕೆಯ ಮಾದರಿಗಳ ಪೈಕಿ ಹೆಚ್ಚೂಕಡಿಮೆ ಮೂರನೇ ಒಂದು ಭಾಗದಲ್ಲಿ ಇ. ಕೋಲಿ ಸಿಕ್ಕಿತು, ಸದಾ ನೀರಿರುವ ನಳಗಳಲ್ಲಿ ನೂರಕ್ಕೆ ಒಂದೂ ಇರಲಿಲ್ಲ.

ಆ ಸದಾ ನೀರಿರುವ ನಳಗಳು ಕಲಬುರಗಿಯಲ್ಲೂ ಇವೆ. ವಿಶ್ವಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ಪ್ರಯೋಗಕ್ಕೆಂದು 24 ಗಂಟೆ ನೀರು ಕೊಟ್ಟದ್ದು 2008ರಲ್ಲಿ. ನಡೆಸಿದ್ದು ಫ್ರಾನ್ಸಿನ ವಿಯೋಲಿಯಾ ಕಂಪನಿ. ಖಾಸಗಿಯವರ ಕೈಗೆ ನೀರು ಕೊಡುವುದಕ್ಕೆ ವಿರೋಧವೂ ಆಗ ಜೋರಾಗಿತ್ತು, ಕಾರಣವಿಲ್ಲದೆಯೂ ಅಲ್ಲ. ಇಡೀ ನಗರಕ್ಕೆ ಅದನ್ನು ಹಬ್ಬಿಸುವ ಯೋಜನೆಗೆ ವಿಶ್ವಬ್ಯಾಂಕ್ ಒಪ್ಪಿದ್ದು 2016ರಲ್ಲಿ. ಗುತ್ತಿಗೆ ಎಲ್ ಅಂಡ್ ಟಿಗೆ ಹೋಯಿತು. ಪ್ರಯೋಗದ ಬಡಾವಣೆಗಳಿಗೂ ನಗರದ ಉಳಿದ ಭಾಗಕ್ಕೂ ಮೂಲ ಒಂದೇ, ನೀರು ಒಂದೇ. ಬದಲಾದದ್ದು ಪೈಪು, ಮೀಟರು ಮತ್ತು ಸೋರಿಕೆಯ ಲೆಕ್ಕ. ನಗರದೊಳಗೆ ಸೋರುವುದನ್ನು ತಡೆದರೆ ಉಜನಿಯನ್ನು ಬೇಡುವ ಪ್ರಮಾಣವೂ ಅಷ್ಟು ಕಡಿಮೆಯಾದೀತು. ಆದರೆ ಬರಗಾಲದ ಮೇ ತಿಂಗಳಲ್ಲಿ ಸರಡಗಿಯೇ ಖಾಲಿಯಾದರೆ ಹೊಸ ಪೈಪಿನಲ್ಲೂ ಗಾಳಿಯೇ ಬರುತ್ತದೆ. ಅಂಥದು ಎಲ್ಲಿಯವರೆಗೆ ಹೋಗಬಹುದೆಂದು 2016ರ ಏಪ್ರಿಲ್‌ನಲ್ಲಿ ನೆರೆಯ ಲಾತೂರು ತೋರಿಸಿತು. ಮಾಂಜರಾ ಜಲಾಶಯ ಬತ್ತಿ, ಮಿರಜ್‌ನಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ಮೊದಲ ರೈಲು ತಂದದ್ದು ಐದು ಲಕ್ಷ ಲೀಟರ್.

ಸಾಧ್ಯವಿರುವ ಕೆಲಸ ಒಂದಿದೆ. ಕ್ಯಾಲಿಫೋರ್ನಿಯಾಕ್ಕೆ ಏಪ್ರಿಲ್ ಹೇಗೋ ಇಲ್ಲಿಗೆ ಅಕ್ಟೋಬರ್ ಕೊನೆ ಹಾಗೆ. ಮುಂಗಾರು ಹಿಂದೆ ಸರಿದ ಮೇಲೆ ಮುಂದಿನ ಜೂನ್‌ವರೆಗೆ ಹೇಳಿಕೊಳ್ಳುವಂಥ ಹೊಸ ನೀರು ಬರುವುದಿಲ್ಲ. ಸೊನ್ನ, ಸರಡಗಿ, ಬೆಣ್ಣೆತೊರಾ, ಗಂಡೋರಿಗಳಲ್ಲಿ ಆ ದಿನ ಎಷ್ಟಿದೆ, ಅದರಲ್ಲಿ ನಗರಕ್ಕೆ ಮುಡಿಪು ಎಷ್ಟು ಎಂದು ಆಗಲೇ ಗೆರೆ ಎಳೆದು ಸಾರಿಬಿಟ್ಟರೆ, ಬೆಣ್ಣೆತೊರಾ ಅಚ್ಚುಕಟ್ಟಿನ ರೈತರಿಗೂ ಹಿಂಗಾರಿಗೆ ಏನು ಬಿತ್ತಬೇಕೆಂಬುದು ತಿಳಿಯುತ್ತದೆ. ಅರ್ಧ ಟಿಎಂಸಿ ಎತ್ತಿಡುವುದು ದೊಡ್ಡ ಸಂಗತಿಯಲ್ಲ. ಜನವರಿಯಲ್ಲಿ ಅದನ್ನು ಮುಟ್ಟದಿರುವುದು ದೊಡ್ಡ ಸಂಗತಿ.

ಭೀಮೆಯ ಕಡೆ ಒಂದು ಹೊಸ ತಿರುವು ಬಂದಿದೆ, ಕಲಬುರಗಿಯಲ್ಲಿ ಅದರ ಚರ್ಚೆ ಸಾಲದು. ಸೊಲ್ಲಾಪುರ ನಗರ ಇಷ್ಟು ವರ್ಷ ತನ್ನ ಕುಡಿಯುವ ನೀರಿನ ಒಂದು ಪಾಲನ್ನು ಉಜನಿಯಿಂದ ನದಿಗೇ ಬಿಡಿಸಿಕೊಂಡು, ಗಡಿಯಲ್ಲಿರುವ ಟಾಕಳಿ ಮತ್ತು ಔಜ್ ಬಂಧಾರಗಳಲ್ಲಿ ಹಿಡಿಯುತ್ತಿತ್ತು. ನಗರ ಬಳಸುವುದಕ್ಕಿಂತ ಹಲವು ಪಟ್ಟು ನೀರು ಹೀಗೆ ನದಿಯಲ್ಲಿ ಹರಿಯುತ್ತಿತ್ತು. ಆ ಭಾಗದಲ್ಲಿ ಭೀಮೆಯೇ ಗಡಿಯಾದ್ದರಿಂದ ಈಚೆ ದಂಡೆಯ ವಿಜಯಪುರ ಜಿಲ್ಲೆಯ ಪಂಪ್‌ಸೆಟ್‌ಗಳಿಗೂ ಅದರ ಲಾಭವಿತ್ತು. ಈಗ ಉಜನಿಯಿಂದ ಸೊಲ್ಲಾಪುರಕ್ಕೆ ದಿನಕ್ಕೆ 17 ಕೋಟಿ ಲೀಟರ್ ಸಾಮರ್ಥ್ಯದ ಎರಡನೆಯ ಪೈಪ್‌ಲೈನ್ ಹಾಕಲಾಗಿದೆ. ಅದು ಪೂರ್ಣವಾಗಿ ಬಳಕೆಗೆ ಬಂದರೆ ನಗರಕ್ಕಾಗಿ ನದಿಗೆ ನೀರು ಬಿಡುವ ಅಗತ್ಯವೇ ಇರುವುದಿಲ್ಲ. ಸೊಲ್ಲಾಪುರದ ದೃಷ್ಟಿಯಿಂದ ಅದು ಜಾಣತನ, ಪೋಲು ತಪ್ಪುತ್ತದೆ. ಕೆಳಗಿನ ಇಂಡಿ, ಅಫಜಲಪುರಗಳಿಗೆ ಅದೇ ಪೋಲು ಬೇಸಿಗೆಯ ಹರಿವಾಗಿತ್ತು. ಕೃಷ್ಣಾ ಎರಡನೇ ನ್ಯಾಯಮಂಡಳಿಯ 2010ರ ತೀರ್ಪು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಇನ್ನೂ ಗೆಜೆಟ್‌ನಲ್ಲಿ ಪ್ರಕಟವಾಗದೆ ಕೂತಿರುವಾಗ, ಮಾರ್ಚಿನಲ್ಲಿ ಬರೆಯುವ 1 ಟಿಎಂಸಿಯ ಪತ್ರಕ್ಕಿಂತ ಅಕ್ಟೋಬರಿನಲ್ಲೇ, ಉಜನಿ ತುಂಬಿ ಗೇಟು ತೆರೆದಿರುವಾಗಲೇ, ಎರಡು ರಾಜ್ಯಗಳ ಎಂಜಿನಿಯರುಗಳು ಕೂತು ಬೇಸಿಗೆಯ ಬಿಡುಗಡೆಯ ದಿನಾಂಕಗಳನ್ನು ಬರೆದುಕೊಳ್ಳುವುದು ಸುಲಭ. ಆಗ ಇಬ್ಬರ ಬಳಿಯೂ ನೀರಿರುತ್ತದೆ.